ಶೋಕೇಸಿನಲ್ಲಿ ಅವಳ ಮುಖ

"ಒಂದು ನಿಮಿಷ... ಒಳಗೆ ಬರಲಾ? ದಯವಿಟ್ಟು!"

ಏದುಸಿರು ಬಿಡುತ್ತಾ ಅವಳು ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ನಾಲ್ಕು ಜನ, ನಾಲ್ಕು ಮೊಬೈಲು.

"ಮೇಡಂ, ಒಂದೇ ಒಂದು ಸೆಲ್ಫಿ!"

ಫೋಟೋಗ್ರಾಫರ್ ಎದ್ದು ಬಂದು ಅವಳನ್ನು ಒಳಗೆ ಬಿಟ್ಟ. ಆ ನಾಲ್ವರಿಗೆ ಕೈ ಮುಗಿದ. "ಇಲ್ಲಿ ಫೋಟೋ ತೆಗೆಯೋನು ನಾನೊಬ್ಬ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ, ಹೋಗ್ರಪ್ಪಾ!"

ನಗುತ್ತಾ ಅವರು ಚದುರಿದರು. ಅವಳಿಗೊಂದು ಕುರ್ಚಿ ತೋರಿಸಿ ಅವನು ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಯಾವ ದೇಶ, ಮದುವೆ ಆಗಿದೆಯಾ, ಒಬ್ಬಳೇ ಯಾಕೆ... ಒಂದು ಪ್ರಶ್ನೆಯೂ ಇಲ್ಲ! ಅವಳಿಗೆ ಅಳುವೇ ಬಂತು.

ಪಾಪ, ಊರು ನೋಡಲೆಂದು ಅಷ್ಟು ದೂರದ ದೇಶದಿಂದ ಬಂದವಳು. ಇಲ್ಲಿ ಊರಿಗೆ ಊರೇ ಅವಳನ್ನು ನೋಡಲು ನಿಂತಿತ್ತು! ಬಸ್ಸಿನಲ್ಲಿ ಕೂದಲು ಮುಟ್ಟುವವರು, ಊಟಕ್ಕೆ ಕೂತರೆ ಬಾಯಿ ನೋಡುವವರು. ಬೈದರೆ ಅದಕ್ಕೂ ನಗು. ಒಂದೂವರೆ ತಿಂಗಳಲ್ಲಿ ಅವಳು ಸೋತು ಸುಣ್ಣವಾಗಿದ್ದಳು.

ಅಂದಿನಿಂದ ದಿನಾ ಸಂಜೆ ಅದೇ ಕುರ್ಚಿ. ಭಾಷೆಯನ್ನು ಪುಸ್ತಕದಿಂದ ಕಲಿತು ಬಂದಿದ್ದಳು. ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಬೈಗುಳ ಕಲಿಸಿದ್ದು ಅವನ ಅಕ್ಕ. ಅವನದು ಮಾತು ಕಡಿಮೆ. ಆ ಮೌನದಲ್ಲಿ ಅವಳಿಗೆ ನೆಮ್ಮದಿಯಿತ್ತು, ನೆಮ್ಮದಿಗಿಂತ ಹೆಚ್ಚಿನದೇನೋ ಇತ್ತು.

ಒಂದು ದಿನ ಅವಳೇ ಕೇಳಿದಳು. "ನನ್ನದೊಂದು ಫೋಟೋ ತೆಗೀತೀರಾ? ಅಮ್ಮನಿಗೆ ಕಳಿಸಬೇಕು. ನಾನು ಚೆನ್ನಾಗಿದೀನಿ ಅಂದ್ರೆ ಅವರು ನಂಬ್ತಿಲ್ಲ."

ಅವನು ತೆಗೆದ. ಮನಸ್ಸಿಟ್ಟು ತೆಗೆದ.

ಅದಾದ ಮೂರನೇ ಸಂಜೆ ಸ್ಟುಡಿಯೋ ಮುಂದೆ ಜನವೋ ಜನ. ಇಣುಕಿ ನೋಡಿದಳು. ಶೋಕೇಸಿನ ನಟ್ಟನಡುವೆ, ಮೊಳದುದ್ದದ ಫ್ರೇಮಿನಲ್ಲಿ... ಅವಳದೇ ಮುಖ!

'ಅಯ್ಯೋ, ಇವನೂ ಹೀಗೇನಾ?'

"ಯಾರನ್ನ ಕೇಳಿ ಹಾಕಿದ್ರಿ?" ಒಳಗೆ ನುಗ್ಗಿ ಕೇಳಿದಳು.

ಅವನು ಕಕ್ಕಾಬಿಕ್ಕಿಯಾದ. "ನಿಮಗೆ... ಖುಷಿ ಆಗುತ್ತೆ ಅಂದ್ಕೊಂಡೆ."

ಅಕ್ಕ ನಡುವೆ ಬಾಯಿ ಹಾಕಿದಳು. "ಅಲ್ವೇ, ಆ ಜಾಗಕ್ಕೆ ನಮ್ಮ ಮಗಳ ಫೋಟೋ ಹಾಕಿ ಅಂತ ತಾಯಂದಿರು ಜಗಳಕ್ಕೇ ಬರ್ತಾರೆ ಕಣೇ! ನನ್ನ ಮದುವೆ ಫೋಟೋನೇ ಇವನು ಮೂಲೆಗೆ ತಳ್ಳಿದಾನೆ!"

"ನಿಮಗದು ಮರ್ಯಾದೆ ಅಕ್ಕಾ. ಆದ್ರೆ ಜನರ ಕಣ್ಣು ತಪ್ಪಿಸ್ಕೊಂಡು ನಾನು ಬರ್ತಿದ್ದಿದ್ದೇ ಇಲ್ಲಿಗೆ! ನಿಮ್ಮ ತಮ್ಮ ನನ್ನನ್ನ ತಗೊಂಡೋಗಿ ಬೀದೀಲೇ ಇಟ್ರು." ಕಣ್ಣು ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ. ಸಾಕಾಗಿದೆ."

ಮರುದಿನ ಬ್ಯಾಗು ಹೊತ್ತು ಬಸ್ ನಿಲ್ದಾಣಕ್ಕೆ ಹೊರಟಳು. ದಾರಿಯಲ್ಲೇ ಸ್ಟುಡಿಯೋ. ಅಲ್ಲಿ ಮತ್ತೆ ಗುಂಪು, ಕೇಕೆ, ನಗು!

ಶೋಕೇಸಿನ ನಡುವಿನ ಫ್ರೇಮಿನಲ್ಲಿ ಈಗ ಫೋಟೋಗ್ರಾಫರನದೇ ಮುಖ. ಬಾಚದ ತಲೆ, ಕೋಳಿ ಕದ್ದು ಸಿಕ್ಕಿಬಿದ್ದವನ ಕಣ್ಣು.

"ಏನಪ್ಪಾ, ಹೆಣ್ಣು ಸಿಗ್ತಿಲ್ವಾ?" ಕ್ಷೌರದಂಗಡಿಯವನು ಕಿಚಾಯಿಸುತ್ತಿದ್ದ. ಪಕ್ಕದಲ್ಲೇ ನಿಂತು ಫೋಟೋಗ್ರಾಫರ್ ಬೆವರುತ್ತಿದ್ದ.

ಅವಳನ್ನು ಕಂಡು ಓಡಿ ಬಂದ. ಲಕೋಟೆ ಕೊಟ್ಟ. "ನಿಮ್ಮ ಫೋಟೋ ಇದರಲ್ಲಿದೆ. ಕಂಪ್ಯೂಟರಲ್ಲೂ ಅಳಿಸಿದೀನಿ. ತಪ್ಪಾಯ್ತು... ಎರಡೇ ಗಂಟೇಲಿ ನನಗೆ ಊರು ಬಿಟ್ಟು ಓಡಿಹೋಗೋಣ ಅನ್ನಿಸ್ತಿದೆ. ತಿಂಗಳುಗಟ್ಟಲೆ ಹೇಗ್ರೀ ತಡ್ಕೊಂಡ್ರಿ?"

ಇಷ್ಟು ದಿನ ಯಾರೂ ಕೇಳದ ಮಾತು! ಅವಳು ಬ್ಯಾಗು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ನೀವಂದ್ರೆ ನನಗೆ ಪ್ರಾಣ," ಎಂದ ಅವನು ಮೆಲ್ಲಗೆ. "ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ. ನಿಮ್ಮ ಫೋಟೋ ಶೋಕೇಸಲ್ಲಿ ಇಡೋದು... ಫೋಟೋದವನಿಗೆ ಗೊತ್ತಿದ್ದಿದ್ದು ಅದೊಂದೇ ದಾರಿ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು.

"ಬ್ಯಾಗ್ ತಗೊಂಡು ಬಸ್ಸಿನ ತನಕ ಬರಲಾ? ಬೇಡ ಅಂದ್ರೆ ಬರಲ್ಲ."

"ಬೇಡ."

ಅವನ ಮುಖ ಬಾಡಿತು.

"ತುಂಬಾ ಸುಸ್ತಾಗಿದೀನಿ ಕಣ್ರೀ... ಬ್ಯಾಗನ್ನ ಒಳಗಿಡಿ."

ಅವನಿಗೆ ನಂಬಲಾಗಲಿಲ್ಲ. ಬ್ಯಾಗೆತ್ತಿಕೊಂಡವನು ತಲೆ ತಗ್ಗಿಸಿಯೇ ಕೇಳಿದ. "ಒಂದು ಸಲ... ನಿಮ್ಮನ್ನ ನೋಡಲಾ?"

"ನೋಡಿ," ಎಂದಳು ಅವಳು. "ನೀವು ನೋಡಿದ್ರೆ ನನಗೆ ಸುಸ್ತಾಗಲ್ಲ."