ನಿಂತಿರಬೇಕಿದ್ದ ಗಡಿಯಾರ

ಐದು ಗಂಟೆಗೆ ಅವಳು ಅಂಗಡಿಯ ಬಾಗಿಲು ತೆರೆದಾಗ ಗಂಡ ನೆಲದ ಮೇಲೆ ಸತ್ತು ಬಿದ್ದಿದ್ದ. ಉರುಳಿದ ಸ್ಟೂಲು, ತಲೆಯಡಿ ರಕ್ತ, ಎರಡೂ ಕೈಗೆ ಮೆತ್ತಿದ, ಮೋಟಾರಿನ ತಂತಿಗೆ ಬಳಿಯುವ ವಾರ್ನಿಷ್. ಗಿರಾಕಿಗೆ ಮೋಟಾರು ತಲುಪಿಸಿ ಅವಳ ಜೊತೆಗೇ ಬಂದ ಕೆಲಸದವನು ಕಿರುಚಿದ. ಗೋಡೆಯ ಗಡಿಯಾರ ಮಾತ್ರ ಸರಿಯಾಗಿ ಐದು ತೋರಿಸುತ್ತಾ ಓಡುತ್ತಿತ್ತು.

ಕೆಲಸದವನೇ ತಳ್ಳಿದ ಎಂದು ಬೀದಿಯೆಲ್ಲ ಆಡಿಕೊಂಡಿತು. ಮೂರನೆಯ ದಿನ ತನಿಖಾಧಿಕಾರಿ, ಸುಟ್ಟ ಮೋಟಾರಿಗೆ ತಂತಿ ಸುತ್ತುವ ಆ ರಿವೈಂಡಿಂಗ್ ಅಂಗಡಿಗೆ ಬಂದರು. ಮೈದುನನೂ ಇದ್ದ. ಅಣ್ಣತಮ್ಮ ಹಾವು ಮುಂಗುಸಿಯಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಈ ಹೊಸ್ತಿಲು ತುಳಿದಿಲ್ಲ ಎಂದು ಹೇಳಿಕೆ ಕೊಟ್ಟಿದ್ದ.

"ನಂಗೆ ಒಂದೇ ಗೊತ್ತಾಗ್ಬೇಕು ಸರ್," ಎಂದಳು ಅವಳು. "ಇವರು ಒಬ್ಬರೇ ಇದ್ದಾಗ ಪ್ರಾಣ ಬಿಟ್ರಾ?"

"ಆ ದಿನ ಕರೆಂಟು ಹೋಗಿತ್ತಾ, ಅಮ್ಮಾ?"

"ಮೂರಕ್ಕೆ ಹೋಗಿ ಮೂರೂವರೆಗೆ ಬಂತು."

"ಈ ಗಡಿಯಾರಕ್ಕೆ ಬ್ಯಾಟರಿ?"

"ಇಲ್ಲ. ನಮ್ಮ ಮಾವ ಮಾಡಿದ್ದು. ಕರೆಂಟಲ್ಲೇ ಓಡೋದು."

ಅಧಿಕಾರಿ ಸ್ವಿಚ್ ಆರಿಸಿದರು. ಮುಳ್ಳು ನಿಂತಿತು. ಮತ್ತೆ ಹಾಕಿದರು— ಗುಂಯ್ ಎಂಬ ಸದ್ದಷ್ಟೇ, ಮುಳ್ಳು ಕದಲಲಿಲ್ಲ. ಹಿಂಬದಿಯ ಪುಟ್ಟ ಗುಂಡಿಯನ್ನು ಬೆರಳಿಂದ ತಿರುಗಿಸಿದೊಡನೆ ಓಡಿತು.

"ಸಿಂಕ್ರೊನಸ್ ಮೋಟಾರು. ಕರೆಂಟಿನ ತಾಳಕ್ಕೆ ಹೆಜ್ಜೆ ತಪ್ಪದೆ ಸುತ್ತುತ್ತೆ. ಆದ್ರೆ ಈ ಹಳೇ ಬಗೇದು ನಿಂತ್ರೆ ತಾನಾಗಿ ಏಳಲ್ಲ. ಮೂರೂವರೆ ಮೇಲೆ ಯಾರೋ ಹೊತ್ತು ಸರಿಮಾಡಿ, ಕೈಕೊಟ್ಟು ಎಬ್ಬಿಸಿದ್ದಾರೆ."

"ಅಣ್ಣನೇ ಮಾಡಿರ್ಬಹುದಲ್ಲ?" ಎಂದ ಮೈದುನ.

"ಹಸಿ ವಾರ್ನಿಷ್ ಕೈಯಲ್ಲಿ? ಗುಂಡಿ ಮೇಲೆ ಒಂದು ಕಲೆಯಿಲ್ಲ."

"ಹಾಗಾದ್ರೆ ಕೆಲಸದವನು—"

"ಅವನಿಗೆ ಆ ಗುಂಡಿ ಇರೋದೇ ಗೊತ್ತಿಲ್ಲ," ಎಂದಳು ಅವಳು. ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು. "ಮಾವ ಕಲಿಸಿದ್ದು ಇಬ್ಬರು ಮಕ್ಕಳಿಗೆ ಮಾತ್ರ."

ಅಧಿಕಾರಿ ಮೈದುನನತ್ತ ತಿರುಗಿದರು. "ಒಬ್ಬರು ಹೋದರು. ಉಳಿದದ್ದು ನೀನು."

ಅವನು ಅತ್ತಿಗೆಗೆ ಕೈಮುಗಿದ.

"ನಾನು ತಳ್ಳಿಲ್ಲ ಅತ್ತಿಗೆ! ರಾಜಿ ಆಗೋಣ ಅಂತ ಬಂದೆ. ಕರೆಂಟಿಲ್ಲದ ಕತ್ತಲೇಲಿ ಸ್ಟೂಲಿಂದ ಬಿದ್ದಿದ್ದ. ಉಸಿರಿತ್ತು. ಆಮೇಲೆ... ಜನ ನನ್ನೇ ಕೊಲೆಗಾರ ಅಂತಾರೆ ಅಂತ ಓಡಿಹೋದೆ."

"ತಪ್ಪನ್ನ ಪಾಪ ಆ ಕೆಲಸದವನ ತಲೆಗೆ ಕಟ್ಟಿದೆ," ಎಂದರು ಅಧಿಕಾರಿ.

ಅವಳಿಗೆ ಅದು ಕೇಳಿಸಲಿಲ್ಲ. "ಕೊನೆಗೆ ಇವರು ನೀರು ಕೇಳಿದ್ರಾ?"

"ಇಲ್ಲ ಅತ್ತಿಗೆ. ಟೈಮ್ ಎಷ್ಟೋ ಅಂದ. ಮೂರೂ ಮುಕ್ಕಾಲು ಅಂದೆ. ಅಪ್ಪನ ಗಡಿಯಾರ ನಿಂತಿದೆ, ಎಬ್ಬಿಸು ಅಂದ. ಎಬ್ಬಿಸಿ ತಿರುಗಿ ನೋಡೋಷ್ಟರಲ್ಲಿ..."

ಅವಳು ಗಡಿಯಾರ ನೋಡಿದಳು. ಅದರತ್ತಲೇ ಮುಖ ಮಾಡಿ ಕೇಳಿದಳು:

"ಗಡಿಯಾರ ಓಡಿದ ಸದ್ದು ಅವರಿಗೆ ಕೇಳಿಸ್ತೇನೋ?"