ಪರೀಕ್ಷೆಗೆಂದು ಬೆಳೆಸಿದ ಕೂದಲು

ಅವನ ತಲೆ ನೋಡಿದ್ದೇ ತಡ, ಅವಳ ಕೈಯಲ್ಲಿದ್ದ ಬಾಚಣಿಗೆ ನೆಲಕ್ಕೆ ಬಿತ್ತು.

"ಏನ್ರೀ ಇದು?"

"ಚೆನ್ನಾಗಿದೆಯಾ?" ಕಾಲೇಜು ಬಸ್ಸಿನ ಡ್ರೈವರು ನಾಚಿಕೊಂಡು ಕತ್ತಿನ ಹಿಂಭಾಗ ಸವರಿಕೊಂಡ. ಅಲ್ಲಿ ಸವರಲು ಏನೂ ಉಳಿದಿರಲಿಲ್ಲ. ನಿನ್ನೆಯವರೆಗೆ ಕಿವಿ ಮುಚ್ಚಿಕೊಂಡು ಬೀಳುತ್ತಿದ್ದ ಗುಂಗುರು ಕೂದಲೆಲ್ಲ ಮಾಯ.

"ಹೊರಗಿಂದ ಪರೀಕ್ಷಕರು ಬರ್ತಾರೆ ಅಂದ್ರಲ್ಲ. ನಾನು ಕಾಡುಮನುಷ್ಯನ ಥರ ಬಂದು ಕೂತ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಅದಕ್ಕೇ ಬೆಳಿಗ್ಗೆ ಹೋಗಿ ನೀಟಾಗಿ ಕಟಿಂಗ್ ಮಾಡಿಸ್ಕೊಂಡು ಬಂದೆ."

"ಅಯ್ಯೋ, ಪರೀಕ್ಷೆನೇ ಕಟಿಂಗ್ ಕಣ್ರೀ!"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ಆ ಕಮ್ಯುನಿಟಿ ಕಾಲೇಜಿಗೆ ಯಾರು ಬೇಕಾದರೂ, ಯಾವ ವಯಸ್ಸಿನಲ್ಲಾದರೂ ಬಂದು ಕಲಿಯಬಹುದು. ಒಂದು ಕಡೆ ವೆಲ್ಡಿಂಗ್ ಶೆಡ್ಡು, ಇನ್ನೊಂದು ಕಡೆ ನರ್ಸಿಂಗ್ ಬ್ಲಾಕು, ಲೈಬ್ರರಿಯ ಕೆಳಗೆ ಗಾಜಿನ ಗೋಡೆಯ ಸಲೂನು. ಊರಿನವರು ಅಲ್ಲಿಗೆ ಅಗ್ಗದ ಕಟಿಂಗ್‌ಗೆ ಬರುತ್ತಾರೆ, ವಿದ್ಯಾರ್ಥಿಗಳು ಅವರ ತಲೆಯ ಮೇಲೆ ವಿದ್ಯೆ ಕಲಿಯುತ್ತಾರೆ.

ಲಾಂಡ್ರಿಯ ಆವಿಯಲ್ಲಿ ಎಂಟು ವರ್ಷ ಬೆಂದು, ಸಾಕಪ್ಪಾ ಸಾಕು ಅಂತ ಅವಳು ಇಲ್ಲಿ ಬಂದು ಸೇರಿದಾಗ, ಅವಳ ಕತ್ತರಿಗೆ ಮೊದಲು ಸಿಕ್ಕಿದವನು ಈ ಡ್ರೈವರು. ಅಂದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಿತ್ತು. ಆದರೂ ಆಸಾಮಿ ಮುಂದಿನ ವಾರ ಹಾಜರು. ಅದರ ಮುಂದಿನ ವಾರವೂ ಹಾಜರು.

"ಇನ್ನು ಕತ್ತರಿಸಿದ್ರೆ ಬುರುಡೆನೇ ಸಿಗೋದು," ಎಂದು ಒಂದು ದಿನ ಅವಳು ನಕ್ಕಳು. "ಒಂದು ಕೆಲಸ ಮಾಡಿ. ನನ್ನ ಪರೀಕ್ಷೆಗೆ ನೀವೇ ಮಾಡೆಲ್. ಅಲ್ಲೀವರೆಗೂ ಬೆಳೆಸಿ."

"ಹಾಗಾದ್ರೆ ಅಲ್ಲೀವರೆಗೂ ಬರೋ ಹಾಗಿಲ್ವಾ?"

ಆ ಪ್ರಶ್ನೆಯಲ್ಲಿದ್ದ ಗಾಬರಿ ಅವಳ ಎದೆಗೇ ತಾಗಿತ್ತು. "ತಲೆ ತೊಳೆಸ್ಕೊಳ್ಳೋಕೆ ಬನ್ನಿ," ಎಂದಿದ್ದಳು, ಬೇರೆಲ್ಲೋ ನೋಡುತ್ತ.

ಅವನು ಬಂದ. ಪ್ರತಿ ಗುರುವಾರ ಮಧ್ಯಾಹ್ನ ತೊಟ್ಟಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದ. ಉಗುರುಬೆಚ್ಚನೆಯ ನೀರು, ನೊರೆ, ಗಾಜಿನಿಂದ ಒಳಗೆ ಬಂದು ಅವನ ಹಣೆಯ ಮೇಲೆ ಕೂರುವ ಬಿಸಿಲು. ಬೆರಳ ಸಂದಿನಲ್ಲಿ ಕೂದಲು ವಾರವಾರವೂ ಉದ್ದವಾಗುತ್ತಿತ್ತು. ಅವನ ರೆಪ್ಪೆ ಒಮ್ಮೊಮ್ಮೆ ಅದುರುತ್ತಿತ್ತು, ಆಗ ಅವಳಿಗೆ ಗೊತ್ತಾಗುತ್ತಿತ್ತು, ಮಹಾಶಯ ನಿದ್ದೆ ಮಾಡುತ್ತಿಲ್ಲ ಅಂತ. ಅವಳ ಕೈಯೂ ಬೇಕಂತಲೇ ನಿಧಾನವಾಗುತ್ತಿತ್ತು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಈಗ ನೋಡಿದರೆ ಈ ಅವಸ್ಥೆ.

"ಮಾಡೆಲ್ ಇಲ್ಲದಿದ್ರೆ ಮುಂದಿನ ವರ್ಷವೇ," ಎಂದರು ಪರೀಕ್ಷಕಿ, ಕನ್ನಡಕದ ಮೇಲಿನಿಂದ ನೋಡಿ. "ಅರ್ಧ ಗಂಟೆ ಇದೆ."

ಮುಂದಿನ ವರ್ಷ! ಅಕ್ಕ ತನ್ನ ಪಾರ್ಲರಿನಲ್ಲಿ ಒಂದು ಕುರ್ಚಿಯನ್ನು ತಂಗಿಗೆಂದೇ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಳು. ಈ ಪರೀಕ್ಷೆ ಪಾಸಾಗಿ ಲೈಸೆನ್ಸ್ ಸಿಗದೆ ಅದರ ಹತ್ತಿರ ಹೋಗುವ ಹಾಗಿಲ್ಲ. ಮತ್ತೆ ಲಾಂಡ್ರಿಯೇ ಗತಿ. ಅವಳಿಗೆ ಅಳು ಒತ್ತರಿಸಿ ಬಂತು.

"ನೀವು ಹೋಗಿ," ಎಂದಳು ಅವನಿಗೆ. "ದಯವಿಟ್ಟು ನನ್ನ ಕಣ್ಣೆದುರು ಇರ್ಬೇಡಿ."

ಅವನು ಹೋದ. ಗಾಜಿನಾಚೆ ಬಸ್ಸು ಹೊರಟಿದ್ದು ಕಂಡಿತು. ಅಷ್ಟೇ ಇವನ ಪ್ರೀತಿ, ಎಂದುಕೊಂಡಳು. ಅಂದುಕೊಂಡ ಮೇಲೆ, ಪ್ರೀತಿ ಅಂತ ತಾನೇ ಅಂದೆನಲ್ಲ ಎಂದು ಇನ್ನಷ್ಟು ಸಂಕಟವಾಯಿತು.

ಪರೀಕ್ಷೆ ಶುರುವಾಗುವ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಅಕೌಂಟ್ಸ್ ಮೇಡಂ ಬಂದರು. ಕಾಲೇಜು ಕಟ್ಟಿದಾಗಿನಿಂದ ಕೂದಲಿಗೆ ಒಂದೇ ಥರದ ಗಂಟು ಹಾಕಿಕೊಂಡು ಬರುತ್ತಿದ್ದ ಹೆಂಗಸು. ಸೀದಾ ಅವಳ ಕುರ್ಚಿಯಲ್ಲಿ ಕೂತು ಗಂಟು ಬಿಚ್ಚಿದರು. ಬಿಳಿಯ ಕೂದಲು ಸೊಂಟದವರೆಗೆ ಇಳಿಯಿತು.

"ಭುಜದವರೆಗೆ ತೆಗಿಯಮ್ಮ. ಹೆದರ್ಬೇಡ."

ಅವಳು ಕತ್ತರಿ ಎತ್ತಿಕೊಂಡಳು. ಪರೀಕ್ಷಕಿ ಪಕ್ಕದಲ್ಲೇ ನಿಂತಿದ್ದರು. ಅವರು ಆಚೆ ಕುರ್ಚಿಯತ್ತ ಸರಿದದ್ದೇ ತಡ, ಮೇಡಂ ಪಿಸುಗುಟ್ಟಿದರು. "ಆ ಡ್ರೈವರು ಬಸ್ಸಿನ ಮೈಕಲ್ಲಿ ಏನು ಕೂಗಿದ ಗೊತ್ತಾ?"

"ಏನು?"

"'ನಾನೊಬ್ಬ ಪೆದ್ದ. ನಾನು ಪ್ರಾಣದಷ್ಟು ಇಷ್ಟಪಡೋ ಹುಡುಗಿಯ ಪರೀಕ್ಷೆ ನನ್ನಿಂದ ಹಾಳಾಗ್ತಿದೆ. ಯಾರಾದ್ರೂ ಕೂದಲಿರೋರು ಬನ್ನಿ, ಕೈಮುಗಿತೀನಿ' ಅಂತ. ಎಲ್ಲಾ ಸ್ಟಾಪಲ್ಲೂ ನಿಲ್ಲಿಸಿ ನಿಲ್ಲಿಸಿ ಕೂಗಿದಾನೆ. ಅಷ್ಟು ಕೇಳಿದ ಮೇಲೆ ನಾನು ಹೇಗೆ ಸುಮ್ನೆ ಕೂರ್ಲಿ?"

ಅವಳ ಕಿವಿ ಬಿಸಿಯಾಯಿತು. ಈಗ ಒಂದು ಎಳೆ ತಪ್ಪಿದರೂ ಕೆಟ್ಟಿತು. ಉಸಿರು ಬಿಗಿಹಿಡಿದು, ತುಟಿ ಕಚ್ಚಿ, ಆ ಬೆಳ್ಳಗಿನ ಎಳೆಗಳನ್ನು ಒಂದೊಂದೇ ಹಿಡಿ ಸಮನಾಗಿ ಕತ್ತರಿಸುತ್ತ ಹೋದಳು.

ಪರೀಕ್ಷಕಿ ಬಂದು ಅಕೌಂಟ್ಸ್ ಮೇಡಂ ಅವರ ಕೂದಲನ್ನು ಎತ್ತಿ, ಇಳಿಬಿಟ್ಟು, ಸುತ್ತ ನೋಡಿ, "ಪಾಸ್," ಎಂದರು.

ಅವಳು ಏಪ್ರನ್ನೂ ಬಿಚ್ಚದೆ ಬಸ್ ಸ್ಟಾಪಿಗೆ ಓಡಿದಳು. ಬಸ್ಸು ಬಂತು, ಬಾಗಿಲು ತೆರೆಯಿತು.

"ಏನಾಯ್ತು?" ಅವನಿಗೆ ತಲೆಯೆತ್ತಲು ಧೈರ್ಯವಿರಲಿಲ್ಲ.

"ಪಾಸ್."

ಅವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟುಬಿಟ್ಟ. ಹಾರ್ನು ಕೂಗಿಕೊಂಡಿತು.

"ಮೇಡಂ ಎಲ್ಲಾ ಹೇಳಿದ್ರು," ಎಂದಳು ಮೆಟ್ಟಿಲು ಹತ್ತಿ.

"ಎಲ್ಲಾನೂ?"

"ಎಲ್ಲಾನೂ. ಬಸ್ಸಿಗೆ ಬಸ್ಸೇ ಕೇಳಿಸ್ಕೊಂಡಿದೆ. ನನಗೊಬ್ಬಳಿಗೇ ಯಾರೂ ಹೇಳಿಲ್ಲ."

ಗಾಬರಿಯಲ್ಲಿ ಅವನ ಕೈ ಮೈಕಿನತ್ತ ಹೋಯಿತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

"ಮೈಕ್ ಬೇಡ. ಮೆಲ್ಲಗೆ ಹೇಳಿ, ಸಾಕು."

ಅವನು ಬಾಗಿ ಹೇಳಿದ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಹಿಂದಿನ ಸೀಟುಗಳಲ್ಲಿ ನರ್ಸಿಂಗ್ ಹುಡುಗಿಯರು ಕತ್ತು ಉದ್ದ ಮಾಡಿದ್ದರು. "ಅಣ್ಣಾ, ಏನಂದ್ರಿ? ನಮಗೆ ಕೇಳಿಸ್ಲಿಲ್ಲ!"

ಅವಳು ಕಣ್ಣೊರೆಸಿಕೊಂಡು ಹಿಂತಿರುಗಿದಳು. "ಅವರು ಏನಾದ್ರೂ ಅನ್ಲಿ, ನಾನು ಹೂಂ ಅಂದೆ! ಈಗ ಎಲ್ರೂ ಕೂತ್ಕೊಳ್ಳಿ, ಬಸ್ ಹೊರಡ್ಬೇಕು."