ಕತ್ತರಿ ಹಾಕದ ದಾರ

“ನೀನು ಮಾಯ ಆಗ್ತೀಯ, ವಾಪಸ್ ಬರಲ್ಲ. ಶೋ ಅಲ್ಲಿಗೇ ಮುಗೀತು,” ಎಂದ ತಿಹೊಮಿರ್, ಜಾದೂ ಪೆಟ್ಟಿಗೆಯ ಕೀಲಿಗೆ ಎಣ್ಣೆ ಬಿಡುತ್ತಾ.

ಆ ಪೆಟ್ಟಿಗೆಯೊಳಗೆ ಹೋಗಿ, ಪ್ರತಿಸಲ ಪ್ರೇಕ್ಷಕರ ಹಿಂದಿನಿಂದ ನಗುತ್ತಾ ಬರುವವಳು ನಾನು.

“ಹೋದವಳು ಬರದಿದ್ರೆ ಜನ ಚಪ್ಪಾಳೆ ತಟ್ಟಲ್ಲ, ಪೊಲೀಸ್ ಕರೀತಾರೆ,” ಎಂದೆ.

ಅವನು ನಗಲಿಲ್ಲ. ಚಳಿಗಾಲದಿಂದೀಚೆಗೆ ಅವನ ಬಲಗೈ ನಡುಗುತ್ತಿತ್ತು. ಇನ್ನು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದಿದ್ದರು ಡಾಕ್ಟರು. ರೂಸೆ ಊರಿನ ಈ ಪ್ರದರ್ಶನವೇ ಕೊನೆಯದು. ಅದಕ್ಕೆಂದು ಎಲ್ಲ ಆಟಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ್ದ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಜನ ಒಳ್ಳೆಯದಾಗಲಿ ಎಂದು ಒಬ್ಬರಿಗೊಬ್ಬರು ಕಟ್ಟುವ ಕೆಂಪು-ಬಿಳಿ ದಾರ ಅದು. ಮೊದಲು ನನ್ನ ಕೈಗೆ ಕಟ್ಟುತ್ತಾನೆ. ಅದು ಮಾಯವಾಗಿ ಮೊಟ್ಟೆಯೊಳಗೆ ಸಿಗುತ್ತದೆ, ಬ್ರೆಡ್ಡಿನೊಳಗೆ ಸಿಗುತ್ತದೆ, ಮತ್ತೆ ನನ್ನ ಕೈಗೇ ಬರುತ್ತದೆ.

“ಕೊನೇಲಿ ಅದನ್ನ ಕತ್ತರಿಸ್ತೀನಿ. ಆಮೇಲೆ ನೀನು ಪೆಟ್ಟಿಗೆ ಒಳಗೆ.”

“ತಲೆ ಕೆಟ್ಟಿದ್ಯಾ? ವರ್ಷದ ಮೊದಲ ಕೊಕ್ಕರೆ ಕಾಣೋವರೆಗೂ ಅದನ್ನ ಬಿಚ್ಚೋ ಹಾಗೇ ಇಲ್ಲ. ನೀನು ಕತ್ತರಿ ಹಾಕಿದ್ರೆ ಮುಂದಿನ ಸಾಲಿನ ಅಜ್ಜಿಯರು ಬಿಡ್ತಾರಾ?”

“ಅದಕ್ಕೇ ಕತ್ತರಿಸೋದು. ಎಲ್ಲ ಮುಗೀತು ಅಂತ ಅರ್ಥ ಆಗಲಿ.”

“ಅವರಿಗಾ, ನನಗಾ?”

ಅವನು ಎಣ್ಣೆ ಡಬ್ಬಿ ಕೆಳಗಿಟ್ಟ. “ಪ್ಲೊವ್ದಿವ್ ಊರಿನ ಜಾದೂ ಕಂಪನೀಲಿ ನಿನ್ನ ಬಗ್ಗೆ ಮಾತಾಡಿದೀನಿ, ಬಿಸೆರಾ. ಹೋಗು. ನಾಳೆ ನನ್ನ ಅಂಗಿ ಗುಂಡಿ ಹಾಕ್ಕೊಳೋಕೂ ನನಗಾಗಲ್ಲ.”

ಪ್ರೀತಿಸುತ್ತೇನೆ ಎಂದು ಇವನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಹೇಳಿದ್ದು ಹೀಗೆ, ದೂರ ಕಳಿಸುವ ಮಾತಿನಲ್ಲಿ. ಆ ಡಬ್ಬಿಯಿಂದಲೇ ಅವನ ತಲೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ.

ಪ್ರದರ್ಶನದಲ್ಲಿ ಅವನು ಕತ್ತರಿ ಎತ್ತಿದ. “ಬೇಡ ಮಗಾ, ಕೊಕ್ಕರೆ ಇನ್ನೂ ಬಂದಿಲ್ಲ,” ಎಂದಳು ಮುಂದಿನ ಸಾಲಿನ ಒಬ್ಬ ಅಜ್ಜಿ. ಕತ್ತರಿ ಅವನ ಕೈಯಿಂದ ಜಾರಿತು. ನಡುಕಕ್ಕೆ ಜಾರಿತೋ, ಅವನೇ ಬಿಟ್ಟನೋ, ನಾನು ಇವತ್ತಿಗೂ ಕೇಳಿಲ್ಲ.

ನಾನು ಪೆಟ್ಟಿಗೆಯೊಳಗೆ ಹೋಗಿ ಮಾಯವಾದೆ. ಹಿಂಬಾಗಿಲಿನಿಂದ ಬೀದಿಗಿಳಿದು ಹೋಗಬೇಕಿತ್ತು. ಹೋಗಲಿಲ್ಲ. ಪ್ರೇಕ್ಷಕರ ನಡುವಿನಿಂದ ಎಂದಿನಂತೆ ನಡೆದು ಬಂದು ವೇದಿಕೆ ಹತ್ತಿದೆ. ನಗು ಮಾತ್ರ ಬರಲಿಲ್ಲ.

“ಕೈ ಕೊಡು,” ಎಂದೆ. ಈ ದಾರವನ್ನು ಯಾರೂ ತಮಗೆ ತಾವೇ ಕಟ್ಟಿಕೊಳ್ಳುವುದಿಲ್ಲ. ಆ ವರ್ಷ ಅವನಿಗೆ ಯಾರೂ ಕಟ್ಟಿರಲಿಲ್ಲ. ಜೇಬಿನಿಂದ ಇನ್ನೊಂದು ದಾರ ತೆಗೆದೆ. ಅವನ ಕೈ ನಿಲ್ಲುತ್ತಿರಲಿಲ್ಲ. ಗಂಟು ಬೀಳಲು ಬಹಳ ಹೊತ್ತಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಇದು ಶೋನಲ್ಲಿ ಇಲ್ಲ,” ಎಂದು ಪಿಸುಗುಟ್ಟಿದ.

“ಮೊದಲನೇ ಆಟ ಕೊನೇದರಲ್ಲಿ ವಾಪಸ್ ಬರಬೇಕು ಅಂತ ಹೇಳಿಕೊಟ್ಟಿದ್ದು ಯಾರು? ನೀನು ಕಟ್ಟಿದೆ. ಈಗ ನಾನು ಕಟ್ಟಿದೆ.”

“ಮುಂದೆ ತುಂಬಾ ಕಷ್ಟ ಇದೆ ಕಣೇ.”

“ಗೊತ್ತು. ಗುಂಡಿ ನಾನು ಹಾಕ್ತೀನಿ.”

ಆ ವರ್ಷ ಕೊಕ್ಕರೆಗಳು ತಡವಾಗಿ ಬಂದವು. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದಾಗ, ಕಿಟಕಿಯಾಚೆ ಡ್ಯಾನ್ಯೂಬ್ ಮೇಲೆ ಒಂದು ಹಾರಿ ಹೋಯಿತು. ಅವನು ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ. ಕಂಡಿದ್ದರೆ ಕೈಯ ದಾರ ಬಿಚ್ಚಬೇಕಿತ್ತು. ನಾನು ಹೇಳಲಿಲ್ಲ.